ನಾಕ್ಸೋಸ್‌ನ ತಗಡಿನ ಪೆಟ್ಟಿಗೆ

ಆ ಶನಿವಾರ ಸೀಡರ್ ಪಾರ್ಕಿನ ನಮ್ಮ ಮನೆಗೆ ಮೂರು ಕುಟುಂಬದವರು ಬಂದಿದ್ದರು. ಬೇಸಿಗೆ ರಜೆಗೆ ಅವರೆಲ್ಲ ಗ್ರೀಸಿನ ನಾಕ್ಸೋಸ್ ದ್ವೀಪಕ್ಕೆ ಹೊರಟಿದ್ದರು. ಹಿಂದಿನ ವರ್ಷ ನಾವು ಹೋಗಿಬಂದಿದ್ದರಿಂದ ದ್ವೀಪದ ಪರಿಚಯ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವರ ಜೊತೆ ಹೋಗುವುದೋ ಬೇಡವೋ ಎಂದು ಯೋಚಿಸುತ್ತಿದ್ದ ಒಬ್ಬ ಅಂಕಲ್ ಕೂಡ ಹೂಸ್ಟನ್ನಿನಿಂದ ಬಂದಿದ್ದರು. ಧಾರವಾಡದ ಕಡೆಯವರು, ನಿವೃತ್ತ ಡಾಕ್ಟರು, ನಮಗೆಲ್ಲ ಹಳೆಯ ಪರಿಚಯ.

ಅಥೆನ್ಸಿನ ಬಂದರಿನಿಂದ ಹಡಗಿನಲ್ಲಿ ಸುಮಾರು ಐದು ಗಂಟೆ; ಗಾಳಿಗೆ ತಲೆಯ ಮೇಲೆ ಟೋಪಿ ನಿಲ್ಲುವುದಿಲ್ಲ; ಸಸ್ಯಾಹಾರಿಗಳಿಗೆ ಆಲೂಗಡ್ಡೆ, ಚೀಸು ಧಾರಾಳ; ಗುಡ್ಡದ ಹಳ್ಳಿಯಲ್ಲಿ ಉಳಿದರೆ ಚೆನ್ನ. ಇಷ್ಟು ಹೇಳಿ ನಿಲ್ಲಿಸಿದೆ.

"ಅಮ್ಮಾ, ಟೆಲ್ ದೆಮ್ ಅಬೌಟ್ ದ ಬಾಕ್ಸ್" ಎಂದಳು ಮಗಳು.

ಹೇಳಲೇಬೇಕಾಯಿತು. ಆ ಹಳ್ಳಿಯಲ್ಲಿ ನಮಗೆ ಕೋಣೆ ಕೊಟ್ಟಿದ್ದ ಅಜ್ಜಿ ಒಂದು ಬೆಳಿಗ್ಗೆ ಮುರುಕು ಇಂಗ್ಲಿಷಿನಲ್ಲಿ, ಗಂಡನನ್ನು ತೋರಿಸುತ್ತೇನೆ ಬಾ ಎಂದು ಕರೆದಳು. ಬದುಕಿದ್ದಾನೆ ಎಂದುಕೊಂಡು ಚಕ್ಕುಲಿ ಡಬ್ಬಿ ಹಿಡಿದು ಹೊರಟೆ. ಚರ್ಚಿನ ಹಿಂದಿನ ಸಣ್ಣ ಕೋಣೆಯಲ್ಲಿ ತಗಡಿನ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಒಂದನ್ನು ತೆರೆದು, ಬಿಳಿ ಬಟ್ಟೆ ಬಿಚ್ಚಿ, ತಲೆಬುರುಡೆಯನ್ನು ಎತ್ತಿ ಹಣೆಗೆ ಮುತ್ತಿಟ್ಟಳು. ಆಮೇಲೆ ಅದನ್ನು ನನ್ನ ಕಡೆ ಚಾಚಿದಳು. ಹೂತು ಕೆಲವು ವರ್ಷಗಳಾದ ಮೇಲೆ ಮೂಳೆಗಳನ್ನು ತೆಗೆದು, ವೈನಿನಲ್ಲಿ ತೊಳೆದು ಹೀಗೆ ಇಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಡಬ್ಬಿ ಕೈಜಾರಿತು. "ಅಯ್ಯಯ್ಯೋ" ಎಂದು ಕಿರುಚಿ ಹೊರಗೋಡಿದೆ. ಮರುದಿನವೂ ಅಜ್ಜಿಯ ಮುಖ ನೋಡಲಾಗಲಿಲ್ಲ.

"ಮಕ್ಕಳನ್ನ ಕರ್ಕೊಂಡು ಹೋಗ್ತಿದೀವಿ ಕಣ್ರೀ! ಬೀಚ್ ಹತ್ರಾನೇ ರೂಮ್ ಮಾಡೋಣ" ಎಂದರು ಒಬ್ಬರು.

ಅಂಕಲ್ ಮಾತ್ರ ನನ್ನನ್ನೇ ನೋಡುತ್ತಿದ್ದರು. "ಆಕಿ ಅವನ ಜೋಡಿ ಮಾತಾಡಿದಳೇನ್ರಿ?"

"ಹೂಂ ಅಂಕಲ್. ಏನೋ ಹೇಳ್ತಾನೇ ಇದ್ರು."

"ನಮ್ಮಾಕಿ ಅಸ್ಥಿ ಇನ್ನೂ ಮನ್ಯಾಗೇ ಅದ ನೋಡ್ರಿ" ಎಂದರು. "ನದಿಗೆ ಬಿಡಲಿಕ್ಕೆ ಕೈ ಬರಲಿಲ್ಲ. ದಿನಾ ಮುಂಜಾನೆ ಕಪಾಟ ತಗದು ಮಾತಾಡತೀನಿ."

ಆಂಟಿ ಹೋಗಿ ನಾಲ್ಕು ವರ್ಷವಾಗಿತ್ತು. ಅಂಕಲ್ ಊರಿಗೆ ಹೋಗಿ ಅಸ್ಥಿ ಬಿಟ್ಟು ಬಂದರೆಂದೇ ನಾವೆಲ್ಲ ನಂಬಿದ್ದೆವು. ಅವರು ತಂದ ಪ್ರಸಾದವನ್ನೂ ತಿಂದಿದ್ದೆವು. ಬುರುಡೆ ಕಂಡಾಗ ಓಡಿಹೋಗಿದ್ದ ನಾನು ಈಗ ಕೂತಲ್ಲಿಂದ ಏಳಲಾರದೆ ಹೋದೆ.

"ಆ ಅಜ್ಜಿ ನಂಬರ್ ಕೊಡ್ರಿ" ಎಂದರು ಅಂಕಲ್.

ಬರೆದುಕೊಟ್ಟೆ. ಆ ಬೇಸಿಗೆಯಲ್ಲಿ ಉಳಿದವರೆಲ್ಲ ನಾಕ್ಸೋಸ್‌ನ ಕಡಲತೀರದಲ್ಲಿ ಇಳಿದುಕೊಂಡರಂತೆ. ಅಂಕಲ್ ಗುಡ್ಡದ ಹಳ್ಳಿಯಲ್ಲಿ ಮೂರು ದಿನ ಇದ್ದು ಬಂದರು. ಅಲ್ಲಿ ಏನಾಯಿತೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.