ಐದನೇ ಮನೆಗೆ ಕೀಲಿ

ಮುಂಬೈಗೆ ಬಂದ ಮೂರನೇ ದಿನ ಆಫೀಸಿನಲ್ಲಿ ನನಗೆ ಹೇಳಿಕೊಟ್ಟ ಮೊದಲ ಪಾಠ ಇದು: ಕರೆದವರ ಮನೆಗೆ ಹೋಗಬೇಡ, ಕರೆಯದವರ ಬಾಗಿಲು ಬಡಿ. ಕೇಳಿ ದಂಗಾಗಿಬಿಟ್ಟೆ. ಗದಗ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು. ನಮ್ಮ ಕಡೆ "ಬರ್ರಿ, ಚಾ ಕುಡದು ಹೋಗ್ರಿ" ಅಂದವರ ಮನೆ ದಾಟಿ ಹೋದರೆ ಅವರು ಆರು ತಿಂಗಳು ಮುಖ ತಿರುವಿಕೊಂಡು ಓಡಾಡುತ್ತಾರೆ. ಇಲ್ಲಿ ನೋಡಿದರೆ ಹಾಗೆ ದಾಟಿ ಹೋಗುವುದಕ್ಕೇ ಸಂಬಳ!

ನನ್ನದು ಸಮೀಕ್ಷೆಯ ಕೆಲಸ. ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿ, ಒಂದು ಸಂಶೋಧನಾ ಯೋಜನೆಯಲ್ಲಿ ಆರು ತಿಂಗಳ ನೌಕರಿ ಹಿಡಿದು ಬಂದಿದ್ದೆ. ಕಾಂದಿವಲಿಯ ಗುಡ್ಡದ ಮಗ್ಗುಲಿಗೆ ಅಂಟಿಕೊಂಡ ಒಂದು ಬಡಜನರ ವಸತಿ. ಅಲ್ಲಿನ ತಾಯಂದಿರು ದುಡಿಯಲು ಹೋದಾಗ ಸಣ್ಣ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ ಬರೆದುಕೊಳ್ಳಬೇಕು. ಆ ಉತ್ತರಗಳ ಮೇಲೆ, ಅಲ್ಲಿ ಬಾಲವಾಡಿ ಬೇಕೋ ಬೇಡವೋ ಎಂಬ ವರದಿ. ನನ್ನ ಫಾರಂಗಳು ಸರಿಯಿದ್ದರೆ ನೌಕರಿ ಇನ್ನೊಂದು ವರ್ಷ ಮುಂದುವರಿಯುತ್ತದೆ, ಇಲ್ಲವೆಂದರೆ ಗಂಟುಮೂಟೆ ಕಟ್ಟಬೇಕು. ಅಕ್ಕನ ಮುಂದೆ "ಮುಂಬೈದಾಗ ಇದ್ದು ತೋರಸ್ತೀನಿ ನೋಡು" ಎಂದು ಜಂಬ ಕೊಚ್ಚಿ ಬಂದಿದ್ದ ನನಗೆ, ಆರೇ ತಿಂಗಳಿಗೆ ತಿರುಗಿ ಹೋಗಿ ಅವಳಿಗೆ ಮುಖ ತೋರಿಸುವುದು ಆಗದ ಮಾತು.

ವಾಸ ಚೆಂಬೂರಿನಲ್ಲಿ, ಉಡುಪಿ ಕಡೆಯ ಸುನಂದಕ್ಕನ ಮನೆಯ ಒಂದು ಖೋಲಿಯಲ್ಲಿ. ಒಳ್ಳೆಯ ಹೆಂಗಸು. ಆದರೆ ದಿನಾ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದು ಹಾಕಿದ ಸಾರು. ನಾನು ಜೋಳದ ರೊಟ್ಟಿಯ ಮಾತೆತ್ತಿದರೆ "ಅದನ್ನು ಜಗಿಯಲಿಕ್ಕೆ ಬೇರೆಯೇ ಹಲ್ಲು ಬೇಕು ಮಾರಾಯ್ತಿ" ಎಂದು ನಗುತ್ತಿದ್ದಳು. ಫೋನಿನಲ್ಲಿ ಅಕ್ಕನ ಜೊತೆ ನಮ್ಮ ಕಡೆಯ ಗಟ್ಟಿ ದನಿಯಲ್ಲಿ ಮಾತಾಡಿದರೆ "ಜಗಳವಾ?" ಎಂದು ಅಡುಗೆಮನೆಯಿಂದ ಓಡಿ ಬರುತ್ತಿದ್ದಳು. ಬೆಳಿಗ್ಗೆ ಎರಡು ಕಡೆ ಲೋಕಲ್ ಬದಲಿಸಿ ಕಾಂದಿವಲಿ ಮುಟ್ಟುವಷ್ಟರಲ್ಲಿ ಸಾವಿರ ಜನ ಮೈಗೆ ತಾಗಿರುತ್ತಿದ್ದರು, ಒಬ್ಬರೂ ಮಾತಾಡಿಸಿರುತ್ತಿರಲಿಲ್ಲ. ಎಷ್ಟೋ ದಿನ ನಾನು ಸ್ಟೇಷನ್ನಿನಿಂದ ಅಳುತ್ತಲೇ ನಡೆದಿದ್ದೇನೆ.

ಸಮೀಕ್ಷೆಯ ಕಟ್ಟಳೆ ಹೀಗಿತ್ತು. ಗಲ್ಲಿಯ ತಲೆಯಿಂದ ಎಣಿಸುತ್ತ ಹೋಗಿ ಪ್ರತಿ ಐದನೇ ಮನೆಯನ್ನು ಮಾತ್ರ ಕೇಳಬೇಕು. ಕೀಲಿ ಹಾಕಿದ್ದರೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಬೇಕು. ಪಕ್ಕದ ಮನೆಗೆ ಮಾತ್ರ ಹೋಗಕೂಡದು. ಕೀಲಿಗೆ ಇಲ್ಲಿ ಕುಲೂಪ್ ಅನ್ನುತ್ತಾರೆ. ನಮ್ಮೂರಲ್ಲಿ ಬಾಗಿಲಿಗೆ ಕೀಲಿ ಬೀಳುವುದು ಪರಸ್ಥಳದ ಮದುವೆಗೆ ಹೋದಾಗ. ಇಲ್ಲಿ ಹಾಲು ತರಲು ಹೋದರೂ ಕುಲೂಪ್.

ನನಗೆ ಕೊಟ್ಟ ಮೊದಲ ಗಲ್ಲಿಯ ಐದನೇ ಮನೆಗೂ ದೊಡ್ಡದೊಂದು ಕುಲೂಪ್ ನೇತಾಡುತ್ತಿತ್ತು. ಆರನೇ ಮನೆಯ ಹೊಸ್ತಿಲ ಮೇಲೆ ಒಬ್ಬಾಕೆ ಇಮಿಟೇಶನ್ ಸರಕ್ಕೆ ಮಣಿ ಪೋಣಿಸುತ್ತ ಕೂತಿದ್ದಳು, ಸುತ್ತ ಏಳೆಂಟು ಮಕ್ಕಳು. ನನ್ನ ಹರಕುಮುರುಕು ಹಿಂದಿ ಕೇಳಿ ಕತ್ತೆತ್ತಿದಳು.

"ಯಾವೂರಾಕಿ ತಂಗಿ ನೀ?"

"ಗದಗ ಕಡೇದಾಕಿರಿ."

"ಅಯ್ಯ ನನ್ನವ್ವ! ನಾವು ಸಿಂದಗಿ ಕಡೆಯವ್ರು. ಬಿಸಲಾಗ ಯಾಕ ನಿಂತಿ? ಒಳಗ ಬಾ, ರೊಟ್ಟಿ ತಿನ್ನು."

ಅವಳು ಶಾಂತವ್ವ. ಅವತ್ತು ಎರಡು ರೊಟ್ಟಿ, ಪುಂಡಿಪಲ್ಲೆ ತಿಂದೆ. ಹೊಟ್ಟೆಯೊಂದೇ ಅಲ್ಲ, ಕಿವಿಯೂ ತಣ್ಣಗಾಯಿತು. ಎದ್ದು ಬರುವ ಹೊತ್ತಿಗೆ ಐದನೇ ಮನೆಯ ಫಾರಂನಲ್ಲಿ ಶಾಂತವ್ವನ ಉತ್ತರಗಳನ್ನು ಬರೆದುಕೊಂಡಿದ್ದೆ. ಮುಂದೆ ಇದೇ ರೂಢಿಯಾಯಿತು. ಎಲ್ಲಿ ಕೀಲಿ ಕಂಡಿತೋ ಅಲ್ಲಿ ಹತ್ತಿರದ ಕನ್ನಡದ ಮನೆ. ಮಕ್ಕಳನ್ನು ಎಲ್ಲಿ ಬಿಡುತ್ತೀರಿ ಎಂದರೆ ಎಲ್ಲರದೂ ಒಂದೇ ಮಾತು: "ಶಾಂತವ್ವನ ಕಡೆ ಬಿಟ್ಟು ಹೋಗ್ತೀವ್ರಿ." ಬರೆದುಕೊಂಡೆ. ಎಲ್ಲರಿಗಿಂತ ಬೇಗ ಮುಗಿಸಿದೆನೆಂದು ಬೀಗಿದೆ ಕೂಡ.

ಬಾಂದ್ರಾದ ಆಫೀಸಿನಲ್ಲಿ ನನ್ನ ಮೇಲಿನವರು ರೋಹಿಣಿ ಮ್ಯಾಡಂ. ತಂದೆತಾಯಿ ಮಂಗಳೂರಿನವರು, ಅವರು ಹುಟ್ಟಿದ್ದು ಇಲ್ಲೇ. ಕನ್ನಡವನ್ನು ತಡವರಿಸಿ ಆಡುತ್ತಾರೆ, ಫಾರಂ ಓದುವಾಗ ಮಾತ್ರ ಎಲ್ಲೂ ತಡವರಿಸುವುದಿಲ್ಲ.

"ಸವಿತಾ, ಇದು ಸರ್ವೇ ಅಲ್ಲ, ನಿನ್ನ ರಿಲೇಟಿವ್ಸ್ ಲಿಸ್ಟ್. ಪೂರಾ ಗಲ್ಲಿಯಲ್ಲಿ ಮರಾಠಿ ಇಲ್ವಾ? ಯುಪಿಯವರು ಇಲ್ವಾ?"

"ಲಾಕ್ ಇತ್ತು ಮ್ಯಾಡಂ."

"ಲಾಕ್ ಹಾಕಿ ಎಲ್ಲಿ ಹೋದ್ರು? ಕಾಮ್ ಮೇಲೆ. ಅವರ ಮಕ್ಕಳು ಎಲ್ಲಿ? ಅದೇ ಅಲ್ವಾ ನಮ್ಮ ಕ್ವೆಶ್ಚನ್? ನಿನ್ನ ಫಾರಂ ನೋಡಿದ್ರೆ ಇಲ್ಲಿ ಬಾಲವಾಡಿ ಬೇಡ ಅಂತ ಆಗ್ತದೆ."

ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಅವರು ಹದಿನೈದು ದಿನ ಕೊಟ್ಟರು. ತಪ್ಪಾದ ಫಾರಂಗಳ ಮೇಲೆ 'ರದ್ದು' ಎಂದು ಬರೆದು, ಕೀಲಿ ಹಾಕಿದ ಮನೆಗಳನ್ನೆಲ್ಲ ಹಿಡಿದು ತರಬೇಕು. ನೌಕರಿಯ ಮಾತು ಆಮೇಲೆ.

ಮರುದಿನ ಮಧ್ಯಾಹ್ನ ಐದನೇ ಮನೆಯ ಮುಂದೆ ನಿಂತೆ. ಅದೇ ಕುಲೂಪ್. ಸಿಟ್ಟಿನಲ್ಲಿ ಸುಮ್ಮನೆ ಬಾಗಿಲು ಬಡಿದೆ. ಒಳಗಿಂದ ಸಣ್ಣ ದನಿ ಬಂತು: "ಆಯೀ ಕಾಮಾಲಾ ಗೇಲೀ." ಅಮ್ಮ ಕೆಲಸಕ್ಕೆ ಹೋಗಿದ್ದಾಳೆ.

ಎರಡು ತಿಂಗಳ ಹಿಂದೆ, ಈ ಗೋಡೆಯ ಆಚೆ ಈ ಕೂಸು ಕೂತಿದ್ದಾಗ, ಈಚೆ ನಾನು ರೊಟ್ಟಿ ಮುರಿಯುತ್ತ ಇದೇ ಮನೆಯ ಉತ್ತರ ಬೇರೆಯವರಿಂದ ಕೇಳಿ ಬರೆದುಕೊಳ್ಳುತ್ತಿದ್ದೆ. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಸಂಜೆ ಹೋದೆ, ತಾಯಿ ಸಿಗಲಿಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೆ ಹೋದಾಗ ಬಾಗಿಲು ತೆರೆದಿತ್ತು. ಆ ಮನೆಯಾಕೆ ಸುಮನ್, ಕೊಂಕಣ ಕಡೆಯ ಮರಾಠಿ ಹೆಂಗಸು, ಹತ್ತಿರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪ್ಯಾಕಿಂಗ್ ಕೆಲಸ. ಗಂಡ ಇಲ್ಲ. ಮಗಳು ಪಿಂಕಿಗೆ ಐದು ವರ್ಷ. ಇಷ್ಟರಲ್ಲಿ ಕಲಿತಿದ್ದ ನನ್ನ ಹರಕು ಮರಾಠಿ ಕೇಳಿ ಮೊದಲು ನಕ್ಕಳು, ಪ್ರಶ್ನೆ ಅರ್ಥವಾದ ಮೇಲೆ ಅವಳ ಮುಖ ಬಿಗಿಯಿತು. "ಪೊಲೀಸರಿಗೆ ಹೇಳ್ತೀಯಾ?" ಎಂದು ಕೇಳಿದಳು. ಇಲ್ಲ ಎಂದೆ. "ನಿಮ್ಮ ಕಾನಡೀ ಹೆಂಗಸರಿಗೆ ಒಬ್ಬರಿಗೊಬ್ಬರು ಇದ್ದಾರೆ. ನಾನು ಯಾರ ಹತ್ತಿರ ಬಿಡಲಿ? ಬಿಟ್ಟು ಹೋದ ಮೇಲೆ ದಿನವಿಡೀ ನನ್ನ ಜೀವ ಈ ಬಾಗಿಲಲ್ಲೇ ಇರ್ತದೆ" ಎಂದು ಕಣ್ಣು ಒರೆಸಿಕೊಂಡಳು.

ಫಾರಂನಲ್ಲಿ ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಕೂಡದು, ಅದು ನಮ್ಮ ಕೆಲಸದ ಧರ್ಮ. ಆದ್ದರಿಂದ ಅವಳನ್ನೇ ಕೇಳಿದೆ: ಪಕ್ಕದ ಮನೆಯಲ್ಲಿ ಮಾತಾಡಲೇ? ಪಿಂಕಿಯನ್ನು ಹತ್ತಿರ ಎಳೆದುಕೊಂಡು, ಬೋಲ್, ಮಾತಾಡು ಎಂದಳು. ಇಲ್ಲಿ ಬರೆಯುವುದಕ್ಕೂ ಒಪ್ಪಿಗೆ ಪಡೆದಿದ್ದೇನೆ, ಹೆಸರುಗಳನ್ನು ಬದಲಿಸಿದ್ದೇನೆ.

ಶಾಂತವ್ವನ ಮನೆಗೆ ಅವತ್ತೇ ಹೋದೆ. ಕೂತು ಮೊದಲು ಫಾರಂ ವಿಷಯ ಹೇಳಿದೆ.

"ಅಂದ್ರ ನಾ ಹೇಳಿದ್ದು ಸುಳ್ಳೇನು?" ಎಂದಳು ಮಣಿ ಕೆಳಗಿಟ್ಟು.

"ಖರೇನ ಐತಿ ಅಕ್ಕ. ಆದ್ರ ಅದು ನಿನ್ನ ಸರದಿ ಅಲ್ಲ. ಬಾಜೂ ಮನಿದಿತ್ತು. ತಪ್ಪು ನಂದು."

ಆಮೇಲೆ ಪಿಂಕಿಯ ವಿಷಯ ಹೇಳಿದೆ. ಶಾಂತವ್ವ ನನ್ನನ್ನೇ ದಿಟ್ಟಿಸಿದಳು.

"ಗೋಡಿ ಆಚೆ ಕೂಸು ಅಳೋದು ನನಗ ಕೇಳಸಂಗಿಲ್ಲೇನು? ಆಕಿ ಮಾತು ನನಗ ತಿಳಿಯಂಗಿಲ್ಲ, ನನ್ನ ಮಾತು ಆಕಿಗಿ ತಿಳಿಯಂಗಿಲ್ಲ. ಹೆಂಗ ಕೇಳ್ಲಿ? ನೀನರ ಅಷ್ಟು ಬರಕೊಂಡಿ. ಬಾಜೂ ಮನ್ಯಾಗ ಯಾರದಾರ ಅಂತ ಒಮ್ಮೆರ ಕೇಳಿದೇನು?"

ಅವಳೇ ಎದ್ದು ಸೆರಗು ಸರಿಮಾಡಿಕೊಂಡು "ನಡಿ, ನೀ ಮರಾಠಿ ಮಾತಾಡು, ನಾ ಕೂಸಿನ ಕೈ ಹಿಡೀತೀನಿ" ಎಂದಳು. ಇಬ್ಬರ ನಡುವೆ ನಿಂತು ಆ ಮಾತು ಈಚೆ, ಈ ಮಾತು ಆಚೆ ಮಾಡಿದ ಹತ್ತು ನಿಮಿಷ ಮುಂಬೈಯಲ್ಲಿ ನಾನು ಮಾಡಿದ ಅತಿ ಒಳ್ಳೆಯ ಕೆಲಸ. ಅದಕ್ಕೆ ಯಾವ ಫಾರಂನಲ್ಲೂ ಜಾಗವಿಲ್ಲ. ಚೆಂಬೂರಿಗೆ ಬಂದು ಶಾಂತವ್ವನ ಫಾರಂ ಮೇಲೆ 'ರದ್ದು' ಎಂದು ಬರೆದೆ.

ಹದಿನೈದು ದಿನಗಳಲ್ಲಿ ಕೀಲಿ ಹಾಕಿದ ಮನೆಗಳೆಲ್ಲ ಸಿಕ್ಕವು. ಹಾಲಿನವನ ಹೊತ್ತಿಗೆ, ನಲ್ಲಿಯ ಹೊತ್ತಿಗೆ, ಭಾನುವಾರದ ಬಟ್ಟೆ ಒಗೆಯುವ ಹೊತ್ತಿಗೆ ಹೋಗಿ ಹಿಡಿದೆ. ಅಷ್ಟರಲ್ಲಿ ನನ್ನ ಮರಾಠಿ ಜಗಳವಾಡುವ ಮಟ್ಟಕ್ಕೆ ಬಂದಿತ್ತು. ಬಾಲವಾಡಿ ಬೇಕೆಂದು ವರದಿ ಹೋಯಿತು. ಕಟ್ಟುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಕಟ್ಟುತ್ತಾರೆಂದು ನಂಬಿದ್ದೇನೆ. ನನ್ನ ನೌಕರಿ ಒಂದು ವರ್ಷ ಮುಂದುವರಿಯಿತು. "ಹಂಗಾದ್ರ ಅಲ್ಲಿಯಾಕೀನೇ ಆದಿ ಬಿಡು" ಎಂದಳು ಅಕ್ಕ, ಬೈದಳೋ ಹೊಗಳಿದಳೋ ತಿಳಿಯಲಿಲ್ಲ.

ಈಗ ಭಾನುವಾರ ಫಾರಂ ಇಲ್ಲದೆ ಶಾಂತವ್ವನ ಮನೆಗೆ ಹೋಗುತ್ತೇನೆ. ಸುಮನ್ ದಿನಾ ಅಲ್ಲೇ ಬಿಟ್ಟು ಹೋಗುವ ಪಿಂಕಿ ಸಿಂದಗಿಯ ಕನ್ನಡ ಕಲಿತಿದ್ದಾಳೆ. ಹೋದ ವಾರ ನನ್ನ ಪಕ್ಕ ಬಂದು ಕೂತು ಕೇಳಿದಳು: "ಅಕ್ಕಾ, ನಿನ್ನ ಮನಿ ಎಲ್ಲೈತಿ?"

ಚೆಂಬೂರು ಎನ್ನಲು ಹೋಗಿ ತಡೆದೆ. "ಎರಡು ಕಡೆ ಐತಿ" ಅಂದೆ.

"ಹಂಗಾದ್ರ ಒಂದಕ್ಕ ಕೀಲಿ ಹಾಕಿ ಬಂದೀಯೇನು?"

"ಇಲ್ಲವ್ವ, ಎರಡೂ ತೆಗದಾವ" ಎಂದೆ. ಊರಲ್ಲಿ ನನ್ನ ಕೋಣೆಯ ತುಂಬ ಅಕ್ಕ ಈಗ ಜೋಳದ ಚೀಲ ಇಟ್ಟಿದ್ದಾಳೆ ಎಂಬುದನ್ನು ಆ ಕೂಸಿಗೆ ಹೇಳಲಿಲ್ಲ.