ನಮ್ಮ ಷಡ್ಡಕನ ರಾಜ್ಯಶಾಸ್ತ್ರ

ಷಡ್ಡಕನ ಮೇಲೆ ಹೊಟ್ಟೆಕಿಚ್ಚಿಲ್ಲ ಅನ್ನುವವನ ಮಾತನ್ನು ನಂಬಬೇಡಿ. ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಗಂಡಸರು ಬದುಕಿರುವ ತನಕ ಒಂದೇ ಪಂಕ್ತಿಯಲ್ಲಿ ಕೂತು, ಒಬ್ಬರ ಎಲೆಯನ್ನು ಇನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತಲೇ ಇರುತ್ತಾರೆ. ನಾನು ಗೌನಿಪಲ್ಲಿಯ ಕೊಂಡಪ್ಪ, ಮಾವಿನ ತೋಪು ಮಾಡಿಕೊಂಡವನು, ಆ ಮನೆಯ ದೊಡ್ಡ ಅಳಿಯ. ಚಿಕ್ಕ ಅಳಿಯ ಮುನಿಕೃಷ್ಣಪ್ಪ ಮಾಲೂರು ಕಡೆಯವನು, ಶ್ರೀನಿವಾಸಪುರದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಲೆಕ್ಚರರು. ಅವನ ಕಥೆ ಹೇಳುತ್ತೇನೆ. ನ್ಯಾಯವಾಗಿ ಹೇಳುತ್ತೇನೆ ಅಂತ ಮಾತ್ರ ಭಾಷೆ ಕೊಡಲಾರೆ.

ಎಪ್ಪತ್ತಮೂರರಲ್ಲಿ ಅವನು ನನ್ನ ನಾದಿನಿ ಭಾರತಮ್ಮನನ್ನು ಮದುವೆಯಾದ. ಮಾವನಿಗೆ ಗಂಡುಮಕ್ಕಳಿರಲಿಲ್ಲ. ಹಾಗಾಗಿ ಮನೆ ಅಳಿಯನಾಗಿ ನಮ್ಮೂರಲ್ಲೇ ನಿಂತ; ಬೆಳಿಗ್ಗೆ ಬಸ್ಸು ಹತ್ತಿ ಕಾಲೇಜಿಗೆ ಹೋದರೆ ಸಂಜೆಗೆ ವಾಪಸು. ಅಲ್ಲಿಯತನಕ ಆ ಮನೆಯ ಬೆತ್ತದ ಕುರ್ಚಿ ನನ್ನದಾಗಿತ್ತು. ಅವನು ಬಂದ ಮೇಲೆ ಕುರ್ಚಿ ಅವನಿಗೆ, ಜಗಲಿ ನನಗೆ. ಅತ್ತೆ ದೊಡ್ಡವೆಂಕಟಮ್ಮ ನನ್ನನ್ನು ಬರೀ ಕೊಂಡಪ್ಪ ಅಂತ ಕರೆದರೆ, ಅವನನ್ನು ತೆಲುಗಿನಲ್ಲಿ ‘ಅಲ್ಲುಡುಗಾರು’, ಅಂದರೆ ಅಳಿಯಂದಿರು, ಅನ್ನುತ್ತಿದ್ದರು. ದೊಡ್ಡ ಅಳಿಯನಿಗೆ ಇಲ್ಲದ ಆ ‘ಗಾರು’ ಚಿಕ್ಕ ಅಳಿಯನಿಗೆ ಸಿಕ್ಕಿದ್ದು ಅವನ ಎಂ.ಎ.ಯಿಂದ.

ಆ ಎಂ.ಎ.ಯಲ್ಲಿ ಏನಿತ್ತು ಅಂತ ನನಗೂ ಗೊತ್ತು, ಏಕೆಂದರೆ ಊಟಕ್ಕೆ ಕೂತಾಗ ಅವನು ಅದನ್ನೇ ಬಿಚ್ಚುತ್ತಿದ್ದ. ರಾಜ್ಯ ಅಂದರೇನು, ರಾಜಕೀಯ ಅಂದರೇನು ಅಂತ ದೊಡ್ಡದೊಡ್ಡವರು ಹೇಳಿದ್ದನ್ನೆಲ್ಲ ಗಿಳಿಯ ಹಾಗೆ ಒಪ್ಪಿಸುತ್ತಿದ್ದ. ಹೆಸರುಗಳು ನನ್ನ ನಾಲಿಗೆಗೆ ಹೊರಳುವುದಿಲ್ಲ, ಮಾತುಗಳು ಮಾತ್ರ ನೆನಪಿವೆ. ಗ್ರೀಸ್ ದೇಶದವನೊಬ್ಬ, ಮನುಷ್ಯ ಹುಟ್ಟಿನಿಂದಲೇ ರಾಜಕೀಯದ ಪ್ರಾಣಿ, ನಾಲ್ಕು ಜನರನ್ನು ಬಿಟ್ಟು ಬದುಕುತ್ತೇನೆ ಅನ್ನುವವನು ಮೃಗವಾಗಿರಬೇಕು, ಇಲ್ಲ ದೇವರಾಗಿರಬೇಕು ಅಂದನಂತೆ. ಇಂಗ್ಲೆಂಡಿನವನೊಬ್ಬ, ಜನ ಒಬ್ಬರಿಗೊಬ್ಬರು ಹೆದರಿ ಹೆದರಿ ಸಾಕಾಗಿ ಎಲ್ಲ ಅಧಿಕಾರವನ್ನೂ ಒಬ್ಬನ ಕೈಗೆ ಕೊಟ್ಟರು, ಅದೇ ರಾಜ್ಯ ಅಂದನಂತೆ. ನಮ್ಮ ದೇಶದ ಹಳಬರು ಒಡೆಯ, ಮಂತ್ರಿ, ನಾಡು, ಕೋಟೆ, ಬೊಕ್ಕಸ, ದಂಡು, ಮಿತ್ರ ಅಂತ ರಾಜ್ಯಕ್ಕೆ ಏಳು ಅಂಗ ಎಣಿಸಿದ್ದರಂತೆ. ಇಷ್ಟನ್ನೂ ಕ್ಲಾಸಿನಲ್ಲಿ ಹೀಗೆಯೇ ಓದಿ ಬರೆಸುತ್ತಿದ್ದ, ಹುಡುಗರು ಬರೆಯುತ್ತಾ ಬರೆಯುತ್ತಾ ತೂಕಡಿಸುತ್ತಿದ್ದರು. ಅವನ ಪಾಠಕ್ಕಿಂತ ನಮ್ಮ ತೋಪಿನ ಗಾಳಿ ವಾಸಿ ಅಂತ ಹುಡುಗರೇ ಹೇಳಿದ್ದನ್ನು ಕೇಳಿ ನನ್ನ ಹೊಟ್ಟೆ ತಣ್ಣಗಾಗಿತ್ತು.

ಮರುವರ್ಷ ಯುಗಾದಿಯ ಮಾರನೇ ದಿನ ಕೋಳಿಸಾರು ಮಾಡಿದ್ದರು. ಅತ್ತೆ ಬಡಿಸುತ್ತಿದ್ದರು. ಮುದ್ದೆ ಮುರಿಯುತ್ತಾ ಇವನು ಅಮೆರಿಕದವನೊಬ್ಬನ ಮಾತು ತೆಗೆದ.

“ಯಾರಿಗೆ ಏನು, ಯಾವಾಗ, ಹೇಗೆ ಸಿಗುತ್ತೆ ಅನ್ನೋದೇ ರಾಜಕೀಯ ಅಂತಾನೆ ಅವನು. ಬಹಳ ಆಳವಾದ ಮಾತು ಅಣ್ಣ.”

ಬಾಗಿಲಿಗೆ ಒರಗಿ ನಿಂತಿದ್ದ ಭಾರತಮ್ಮ ಸಣ್ಣಗೆ ನಕ್ಕಳು. “ಅಷ್ಟು ದೂರ ಯಾಕೆ ಹೋಗ್ತೀರ? ನಮ್ಮಮ್ಮನ ಸೌಟು ನೋಡಿ. ನಿಮಗೆ ಬಡಿಸೋವಾಗ ತಳಕ್ಕೆ ಹೋಗುತ್ತೆ, ಭಾವನಿಗೆ ಬಡಿಸೋವಾಗ ಮೇಲೆ ತೇಲುತ್ತೆ. ಪಾತ್ರೆ ಒಂದೇ, ಸಾರೂ ಒಂದೇ. ಸೌಟು ಯಾರ ಕೈಲಿದೆ, ಎಷ್ಟು ಮುಳುಗುತ್ತೆ, ಅಷ್ಟೇ ತಾನೇ ನಿಮ್ಮ ರಾಜಕೀಯ?”

ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. ನಾನು ನನ್ನ ಎಲೆ ನೋಡಿಕೊಂಡೆ. ಒಂದು ಕತ್ತಿನ ಮೂಳೆ, ಎರಡು ಆಲೂಗಡ್ಡೆ. ಅವನ ಎಲೆಯಲ್ಲಿ ತೊಡೆ. ಇಷ್ಟು ದಿನ ನನ್ನ ಹೊಟ್ಟೆಯೊಳಗೇ ಉರಿಯುತ್ತಿದ್ದದ್ದಕ್ಕೆ ಆ ಹುಡುಗಿ ಒಂದು ಹೆಸರು ಕೊಟ್ಟಿದ್ದಳು. ಮುನಿಕೃಷ್ಣಪ್ಪ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ತುತ್ತನ್ನು ಬಾಯಿಗಿಡದೆ ಹೆಂಡತಿಯನ್ನೇ ನೋಡಿದ. “ಸುಮ್ಮನೆ ಏನೇನೋ ಮಾತಾಡಬೇಡ,” ಅಂದ.

ಕೆಲವು ತಿಂಗಳ ಮೇಲೆ ಶ್ರೀನಿವಾಸಪುರದ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗರು. ಎಂ.ಕೆ. ಸಾರ್ ಅವರ ಸೌಟಿನ ಪಾಠ ಕೇಳಿದೆಯೇನ್ಲಾ, ಬೇರೆ ಸೆಕ್ಷನ್ನಿನವರೂ ಬಂದು ಕೂತಿದ್ದರು, ಅಂತ ಒಬ್ಬ ಹೇಳುತ್ತಿದ್ದ. ಸಾರ್ ಅವರೇ ಸ್ವಂತ ಯೋಚನೆ ಮಾಡಿ ಕಂಡುಹಿಡಿದದ್ದಂತೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂದುಕೊಂಡೆ. ನನ್ನ ಎಲೆಗೆ ಬಿದ್ದ ಮೂಳೆಯಿಂದಲೂ ಅವನೇ ಹೆಸರು ಮಾಡಿದ್ದ.

ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಗುಣ ನನ್ನದಲ್ಲ. ನೆಟ್ಟಗೆ ಹೋಗಿ ಭಾರತಮ್ಮನಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

“ಗೊತ್ತು ಭಾವ,” ಅಂದಳು. “ಗಂಡ ನನ್ನ ಮಾತು ಕೇಳ್ತಾರೆ ಅಂದಂಗಾಯ್ತಲ್ಲ. ನೀವು ನಮ್ಮಕ್ಕನ ಮಾತು ಕೇಳ್ತೀರಾ?”

ಬೆಂಕಿ ಹಚ್ಚೋಕೆ ಹೋದವನು ಕೈ ಸುಟ್ಟುಕೊಂಡು ಬಂದೆ. ಮನೆಗೆ ಬಂದು ನನ್ನ ಹೆಂಡತಿ ಗಂಗರತ್ನಮ್ಮನಿಗೆ ಹೇಳಿದರೆ ಅವಳೂ ತಂಗಿಯ ಪರವೇ.

ಆಮೇಲೆ ಅವನ ಆಟ ನೋಡಬೇಕಿತ್ತು. ಊಟಕ್ಕೆ ಕೂತರೆ ಗಾಳ ಹಾಕಿದ ಹಾಗೆ ಒಂದು ಮಾತು ಇಳಿಬಿಡುವನು. ಜರ್ಮನಿಯವನೊಬ್ಬ ಹೀಗಂತಾನೆ, ಒಂದು ನಾಡಿನೊಳಗೆ ನ್ಯಾಯವಾಗಿ ಹೊಡೆಯೋ ಹಕ್ಕು ತನಗೊಬ್ಬನಿಗೇ ಇದೆ ಅಂತ ಜನರಿಂದ ಒಪ್ಪಿಸಿಕೊಂಡಿರೋದೇ ರಾಜ್ಯವಂತೆ, ಅನ್ನುವನು. ಅಂದು ಗೋಡೆ ನೋಡುವನು. ಅವಳು ಮಜ್ಜಿಗೆ ಬಿಡುತ್ತಾ, “ಇಬ್ಬರು ಹುಡುಗರು ಹೊಡೆದಾಡಿದ್ರೆ ಜಗಳ, ಇಸ್ಕೂಲ್ ಮೇಷ್ಟ್ರು ಬೆತ್ತದಲ್ಲಿ ಹೊಡೆದ್ರೆ ಶಿಸ್ತು, ಅಂಗೆ ತಾನೇ?” ಅನ್ನುವಳು. ಅವನು ಹೂಂ ಅನ್ನದೆ ಊಹೂಂ ಅನ್ನದೆ ಅಡ್ಡಗೋಡೆ ಮೇಲೆ ದೀಪ ಇಟ್ಟು ಎದ್ದು ಕೈತೊಳೆಯುವನು. ಮಾರನೇ ದಿನ ಅದೂ ಕ್ಲಾಸಿಗೆ ಹೋಗುತ್ತಿತ್ತು. ಮುಳಬಾಗಿಲು, ಕೋಲಾರದ ಕಾಲೇಜುಗಳಿಂದಲೂ ಭಾಷಣಕ್ಕೆ ಕರೆಯುವ ಮಟ್ಟಕ್ಕೆ ಬೆಳೆದ.

ಬೆಳೆದ ಹಾಗೆಲ್ಲ ಅವನ ಮುಖ ಗಂಟಾಗುತ್ತಾ ಹೋಯಿತು. ಮೊದಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಗುರುತು ಸಿಕ್ಕಿತು, ಅದು ದಿನಾ ಕನ್ನಡಿಯಲ್ಲಿ ನಾನು ನೋಡುವ ಮುಖವೇ. ಅವನಿಗೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು. ವರ್ಷಗಟ್ಟಲೆ ಓದಿ ಅವನು ತಲುಪದ ಜಾಗಕ್ಕೆ ಅವಳು ಮಜ್ಜಿಗೆ ಬಿಡುತ್ತಾ ಹೋಗಿ ಬರುತ್ತಿದ್ದಳು. ಹೊಗಳಿಕೆಯೆಲ್ಲ ಅವನಿಗೇ ಬಂದರೂ, ಅದು ಯಾರಿಗೆ ಸೇರಬೇಕಾದ್ದು ಅಂತ ಅವನಿಗೊಬ್ಬನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು ಅನ್ನಿ.

ಭಾರತಮ್ಮ ಹತ್ತನೇ ತರಗತಿ ಪಾಸಾಗಿದ್ದವಳು. ಮುಂದೆ ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಬೇಕು, ಬಿ.ಎ. ಮುಟ್ಟಬೇಕು ಅಂತ ಆಸೆಪಟ್ಟಳು. ಅದಕ್ಕೆ ಬೇಕಾದ್ದನ್ನು ವಿಚಾರಿಸಿ ಬರುವುದು ಪೇಟೆಗೆ ಹೋಗುವ ಅವನ ಕೆಲಸ. ಆಗಲಿ ನೋಡೋಣ ಅಂದ. ಆ ವರ್ಷ ಮರೆತ. ಮರುವರ್ಷ ಕೊನೆಯ ದಿನ ದಾಟಿಹೋಯಿತು ಅಂದ. ಅದರ ಮುಂದಿನ ವರ್ಷದ ಹೊತ್ತಿಗೆ ಮಗು ಹುಟ್ಟಿತ್ತು; ಅದಿನ್ನೂ ಎದೆಹಾಲು ಬಿಟ್ಟಿಲ್ಲ, ಕಾಯೋಣ ಇರು ಅಂದ. ಅವಳು ಜಗಳ ಮಾಡಲಿಲ್ಲ. ಮಾತು ನಿಲ್ಲಿಸಿದಳು. ಅನ್ನ ಬಡಿಸುತ್ತಿದ್ದಳು, ಸಾರು ಬಡಿಸುತ್ತಿದ್ದಳು, ಅವನು ಗಾಳ ಹಾಕಿದರೆ ಮಾತು ಮಾತ್ರ ಬಡಿಸುತ್ತಿರಲಿಲ್ಲ. ಅವನ ಪಾಠ ಮತ್ತೆ ಒಣಗಿತು. ಹಳೆಯ ಸೌಟು, ಹಳೆಯ ಬೆತ್ತ, ಅವನ್ನೇ ತಿರುಗಿಸಿ ತಿರುಗಿಸಿ ವರ್ಷಗಳನ್ನು ತಳ್ಳಿದ.

ಹೀಗಿರುವಾಗ ಎಂಬತ್ತೇಳರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ಬಂತು. ನಾಲ್ಕರಲ್ಲಿ ಒಂದು ಸೀಟು ಹೆಂಗಸರಿಗೆ ಅಂತ ಸರ್ಕಾರ ಹೇಳಿತ್ತು. ನಿಲ್ಲಬೇಕು ಅಂತ ಮುನಿಕೃಷ್ಣಪ್ಪನಿಗೆ ಬಾಯಲ್ಲಿ ನೀರೂರುತ್ತಿತ್ತು, ಆದರೆ ಅವನ ಸರ್ಕಾರಿ ಸಂಬಳದ ಕೆಲಸ ಅದಕ್ಕೆ ಅಡ್ಡ. ಆಗ ಊರಿನ ದೊಡ್ಡಮುನಿಯಪ್ಪ, ಮುಂದೆ ಮಂಡಲ ಪ್ರಧಾನರಾದವರು, ಬೆತ್ತದ ಕುರ್ಚಿಯ ಎದುರಿಗೇ ಬಂದು ಕೂತರು.

“ಭಾರತಮ್ಮನ್ನ ನಿಲ್ಸಿ ಮೇಷ್ಟ್ರೇ. ರುಜು ಅವ್ರು ಹಾಕ್ಲಿ, ರಾಜಕೀಯ ನೀವು ಮಾಡಿ,” ಅಂದರು.

ಇವನ ಮುಖ ಹಬ್ಬದ ಹೋಳಿಗೆಯಾಯಿತು. ಓಡಾಡಿ ತಾನೇ ಎಲ್ಲ ಏರ್ಪಾಟು ಮಾಡಿದ, ಭಾಷಣ ಬರೆದುಕೊಟ್ಟ. ಆ ಭಾಷಣ ಗ್ರೀಸಿನಿಂದ ಹೊರಟು ಗೌನಿಪಲ್ಲಿಗೆ ಬರುವಷ್ಟರಲ್ಲಿ ಕೇಳುವವರು ಮನೆ ಸೇರಿರುತ್ತಿದ್ದರು. ಅವಳು ಅದನ್ನು ಮಡಿಸಿ ಸೆರಗಿಗೆ ಸಿಕ್ಕಿಸಿಕೊಂಡು, ಮನೆಮನೆಯ ಹಿತ್ತಿಲಲ್ಲಿ ಕೂತು ತೆಲುಗಿನಲ್ಲಿ ಮಾತಾಡಿ ಬಂದಳು. ಗೆದ್ದಳು. ಹಾರ ಹಾಕೋಕೆ ಬಂದವರು ಮೊದಲು ಅವನ ಕೊರಳಿಗೆ ಹಾಕಿದರು. ಅವನು ಬಗ್ಗಿಸಿಯೂ ಕೊಟ್ಟ.

ಮೊದಲನೇ ಮೀಟಿಂಗಿಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೊರಟ. ನನ್ನ ತೋಪಿನ ಗಾಡಿದಾರಿಯ ವಿಷಯ ಕೇಳೋಣ ಅಂತ ನಾನೂ ಹಿಂದೆ ಹೋದೆ. ಒಳಗೆ ಹೋಗಿ ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ಹೊಸದಾಗಿ ಬಂದಿದ್ದ ಸೆಕ್ರೆಟರಿ ಕೈಮುಗಿದು, ಮೆಂಬರಲ್ಲದವರು ಹೊರಗಿರಬೇಕು ಸಾರ್, ಅಂದ. ಮೇಷ್ಟ್ರು ಇರಲಿ ಬಿಡಪ್ಪ ಅಂತ ಪ್ರಧಾನರು ಹೇಳಿಯಾರು ಅಂತ ಅವನು ಅವರ ಮುಖ ನೋಡಿದ; ಅವರು ಚಾವಣಿ ನೋಡಿದರು. ಕೊನೆಗೆ ಹೆಂಡತಿಯ ಕಡೆ ತಿರುಗಿದ.

“ಹೊರಗೆ ನೆರಳಿದೆ, ಕೂತಿರಿ,” ಅಂದಳು ಭಾರತಮ್ಮ.

ಹೊರಗಿನ ಜಗಲಿಯಲ್ಲಿ ಹೆಂಗಸು ಮೆಂಬರುಗಳ ಗಂಡಂದಿರೆಲ್ಲ ಸಾಲಾಗಿ ಕೂತಿದ್ದರು. ಅವರ ನಡುವೆ ಎಂ.ಎ. ಓದಿದ ನನ್ನ ಷಡ್ಡಕನೂ ಕೂತ. ಅಷ್ಟು ವರ್ಷ ನಾನು ಕೂತ ಜಗಲಿಯಂಥದ್ದೇ ಅವನಿಗೂ ಸಿಕ್ಕಿತಲ್ಲ ಅಂತ ನನಗೆ ಪರಮಾನಂದ. ಕಿಟಕಿ ತೆರೆದಿತ್ತು, ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು.

ಮಂಜೂರಾಗಿದ್ದ ಒಂದು ಬೋರ್‌ವೆಲ್ ಪಂಪನ್ನು ಎಲ್ಲಿ ಹಾಕಿಸಬೇಕು ಅನ್ನೋದು ಚರ್ಚೆ. ಮೇಲಿನ ಬೀದಿಯಲ್ಲಿ ಹಾಕಿಸೋಣ, ಹರಿಜನರ ಕಾಲೋನಿಯವರೂ ಬಂದು ಹಿಡಿದುಕೊಳ್ಳಲಿ, ಯಾರು ಬೇಡ ಅಂತಾರೆ, ಅಂತ ಪ್ರಧಾನರು ಮುಗಿಸೋಕೆ ಹೊರಟಿದ್ದರು. ಭಾರತಮ್ಮನ ದನಿ ಬಂತು.

“ಬಂದು ಏನ್ ಮಾಡ್ತಾರೆ ಪ್ರಧಾನ್ರೇ? ಬಿಂದಿಗೆ ಪಕ್ಕಕ್ಕಿಟ್ಟು ನಿಂತ್ಕೋತಾರೆ. ನಾವೆಲ್ಲ ಹಿಡ್ಕೊಂಡಾದ್ಮೇಲೆ ಅವರು. ನೀರು ಇಬ್ರಿಗೂ ಸಿಗುತ್ತೆ, ಕಾಯೋದು ಮಾತ್ರ ಅವರ ಪಾಲಿಗೆ. ಯಾರೂ ಹೊಡೆಯೋದು ಬೇಡ, ಬಯ್ಯೋದೂ ಬೇಡ. ಯಾರು ಯಾರನ್ನ ಕಾಯಿಸಬಹುದು ಅಂತ ನೋಡಿ, ಅಲ್ಲಿದೆ ರಾಜ್ಯ.”

ಹೆಂಗಸಿನ ಮಾತಿಗೆ ಆ ಕೋಣೆಯಲ್ಲಿ ತಲೆಗಳು ಆಡುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

“ಇದು ನನ್ನ ಮಾತಲ್ಲ,” ಅಂದಳು. “ನಮ್ಮನೇವ್ರು ಕಾಲೇಜಿನಲ್ಲಿ ಹೇಳ್ಕೊಡೋದು.”

ಆಗ ತಲೆಗಳು ಆಡಿದವು. ಲೆಕ್ಚರರು ಹೇಳಿದ ಮೇಲೆ ಅದರಲ್ಲಿ ಅರ್ಥ ಇರಲೇಬೇಕು, ಪಂಪು ಕಾಲೋನಿಗೇ ಹೋಗಲಿ ಅಂತ ಪ್ರಧಾನರು ಬರೆಸಿದರು.

ನಾನು ಮುನಿಕೃಷ್ಣಪ್ಪನನ್ನು ನೋಡಿದೆ. ಅವನು ಆ ಮಾತನ್ನು ಕಾಲೇಜಿನಲ್ಲಿ ಹೇಳಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ, ಯಾವ ದೇಶದ ಯಾರ ಬಾಯಲ್ಲೂ ಕೇಳಿರಲಿಲ್ಲ. ಅವಳಿಗೆ ಅದು ಎಲ್ಲಿ ಸಿಕ್ಕಿತು ಅಂತ ಅವನಿಗೆ ಗೊತ್ತಾಯಿತು. ಇರು, ಆಗಲಿ, ಮುಂದಿನ ವರ್ಷ ನೋಡೋಣ ಅಂತ ಅವಳನ್ನು ಕಾಯಿಸಿದವನು ಅವನೇ.

ಪಕ್ಕದಲ್ಲಿದ್ದ ಎಲ್ಲಪ್ಪ, ಅವನ ಹೆಂಡತಿಯೂ ಮೆಂಬರು, ಮುನಿಕೃಷ್ಣಪ್ಪನ ತೊಡೆ ತಟ್ಟಿದ. “ಎಂಥ ಮಾತು ಮೇಷ್ಟ್ರೇ. ಅಮ್ಮನ್ನ ಚೆನ್ನಾಗಿ ತಯಾರು ಮಾಡಿದ್ದೀರ.”

ಬಿಸಿತುಪ್ಪ ಬಾಯಿಗೆ ಬಿದ್ದವನ ಹಾಗೆ ಮುಖ ಆ ಕಡೆ ಈ ಕಡೆ ಹೊರಳಿಸಿದ. ಕೊನೆಗೆ ಉಗುಳಿದ. “ಅದು ನಂದಲ್ಲ ಎಲ್ಲಪ್ಪನವ್ರೇ. ಅವಳದೇ. ಆ ಸೌಟಿಂದೂ ಅವಳದೇ, ಎಲ್ಲಾ ಅವಳದೇ.”

ಜಗಲಿಯ ಮೇಲಿದ್ದವರೆಲ್ಲ ನಕ್ಕರು. “ನೋಡ್ರಪ್ಪ,” ಅಂದ ಎಲ್ಲಪ್ಪ, “ಓದ್ದೋರ ಗುಣ ಅಂದ್ರೆ ಇದು. ತಮ್ಮ ಮಾತನ್ನ ಹೆಂಡ್ತಿ ಹೆಸರಿಗೆ ಬಿಟ್ಕೊಡ್ತಾರೆ.”

“ಇಲ್ಲ, ನಿಜವಾಗ್ಲೂ ಅವಳದೇ,” ಅಂದ ಇವನು. ಆಮೇಲೆ ನನ್ನ ಕಡೆ ತಿರುಗಿದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ನನ್ನಿಂದ ಏನನ್ನೋ ಬೇಡುತ್ತಿದ್ದ. “ಅಣ್ಣ, ನಿನಗೆ ಗೊತ್ತಲ್ಲ. ನೀನಾದ್ರೂ ಹೇಳು.”

ಎಲ್ಲರೂ ನನ್ನ ಬಾಯಿ ನೋಡಿದರು. ಹೌದು ಅಂದಿದ್ದರೆ ಸಾಕಿತ್ತು, ಅವನೂ ಹಗುರಾಗುತ್ತಿದ್ದ, ಒಳಗಿದ್ದವಳಿಗೂ ಅವಳ ಮಾತು ಸಿಗುತ್ತಿತ್ತು. ಆದರೆ ಕದ್ದಾಗ ಜಾಣ ಅನ್ನಿಸಿಕೊಂಡವನು ಒಪ್ಪಿಕೊಂಡಾಗ ದೊಡ್ಡ ಮನುಷ್ಯನೂ ಅನ್ನಿಸಿಕೊಳ್ಳುತ್ತಿದ್ದನಲ್ಲ, ಅದನ್ನು ನೋಡಿ ನನ್ನ ಹೊಟ್ಟೆ ಧಗಧಗ ಅಂತು.

“ಬಿಡಿ ಮೇಷ್ಟ್ರೇ,” ಅಂದೆ, ಕಿಟಕಿಯ ಒಳಗೂ ಕೇಳಲಿ ಅಂತ ಜೋರಾಗಿ. “ನಿಮ್ಮಷ್ಟು ದೊಡ್ಡ ಮನಸ್ಸು ಯಾರಿಗಿದೆ.”