ಅತ್ತೆಯ ಅಂಗೈ ಮೇಲಿನ ಲಿಂಗ

ಅತ್ತೆಯ ಕೊರಳ ಸುತ್ತ ದಾರ ಕೊರೆದ ಕಪ್ಪು ಗೆರೆಯೊಂದಿತ್ತು. ಆ ದಾರದ ತುದಿಗೆ, ಬಿಳಿ ಅರಿವೆಯ ಗಂಟಿನಲ್ಲಿ, ಹುಟ್ಟಿದಾಗ ಕಟ್ಟಿದ್ದ ಇಷ್ಟಲಿಂಗ. ಸಾಂಬ್ರಾಣಿ ಊರಿನ ಹೊಲಮನೆ ಬಿಟ್ಟು ಬಂಗೂರನಗರದ ನಮ್ಮ ಮಿಲ್ ಕ್ವಾರ್ಟರ್ಸಿಗೆ ಬರುವಾಗ ಒಂದು ಟ್ರಂಕು, ರೊಟ್ಟಿ ಹಂಚು, ವಿಭೂತಿಗಟ್ಟಿ ಇಷ್ಟೇ ತಂದಿದ್ದರು.

ಬೆಳಗಿನ ಪಾಳಿಗೆ ಮಿಲ್ಲಿನ ಭೋಂಗಾ ಕೂಗುವುದರೊಳಗೆ ಜಳಕ ಮುಗಿಸಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕೂಡುವರು. ಪೂಜೆಯಾಗದೆ ಹನಿ ಚಹಾ ಇಲ್ಲ. ಅವರು ಉಣ್ಣದೆ ನಾನು ಉಣ್ಣುತ್ತಿರಲಿಲ್ಲ. ಅದು ನನ್ನ ತವರಿನ ರೂಢಿ. "ನನ್ನ ಮಾರಿ ನೋಡ್ಕೋತ ಯಾಕ ಕುಂತಿ? ನಾ ಏನ್ ಟಿವಿ ಏನು?" ಎಂದು ನಗಿಸುತ್ತಿದ್ದರು.

ನಾನು ಬಸುರಿಯಾಗಿದ್ದ ವರ್ಷ, ಶ್ರಾವಣದ ಸೋಮವಾರ. ಕಾಳಿ ನದಿ ಕೆಂಪಗೆ ಏರುತ್ತಿತ್ತು. ಬೇಡವೆಂದರೂ ಅತ್ತೆ ದಂಡೆಗಿಳಿದು ಮುಳುಗು ಹಾಕಿದರು. ಎದ್ದಾಗ ಕೊರಳಲ್ಲಿ ದಾರವಿರಲಿಲ್ಲ. ಅತ್ತೆ ನೀರನ್ನು ನೋಡುತ್ತ, "ಮುಗೀತು" ಎಂದರು. ಲಿಂಗ ಹೋದವರು ಇದ್ದೂ ಸತ್ತಂತೆ ಎಂದು ಅವರು ಎಳವೆಯಿಂದ ನಂಬಿದವರು.

ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದರು. ಅನ್ನ ನೀರು ಎರಡೂ ಬಂದ್. ಮಠದ ಅಯ್ಯನವರು ಬಂದು, "ಹೊಸಾದು ಕಟ್ಟತೇನವ್ವಾ" ಎಂದರು.

"ಗಂಡ ಹ್ವಾದ್ರ ಇನ್ನೊಬ್ಬನ್ನ ತಂದು ಕೂಡಸ್ತೀರೇನ್ರಿ ಅಯ್ಯಾರ?"

ಅಯ್ಯನವರು ಎದ್ದು ಹೋದರು. ನಾನೂ ಉಪವಾಸ ಉಳಿದೆ. ಮರುದಿನ ಒಲೆಯ ಮುಂದೆ ಕಣ್ಣು ಕತ್ತಲಿಟ್ಟು ಕುಸಿದೆ. ಹೊಟ್ಟೆಯಲ್ಲಿ ಕೂಸು ಅಲುಗಾಡುವುದನ್ನು ನಿಲ್ಲಿಸಿತ್ತು.

ಅಂದು ಸಂಜೆ ನಮ್ಮ ಯಜಮಾನರು ಹಳಿಯಾಳ ಪೇಟೆಯಿಂದ ಒಂದು ಲಿಂಗ ತಂದು, ಹಸಿ ಅರಿವೆಯಲ್ಲಿ ಸುತ್ತಿ ಅವ್ವನ ಮುಂದೆ ಹಿಡಿದರು. "ದಂಡ್ಯಾಗಿನ ಬೇರಿಗೆ ಸಿಕ್ಕೊಂಡಿತ್ತವ್ವಾ. ಸಿಕ್ತು ನೋಡು."

ಅತ್ತೆ ಅದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. ಒಮ್ಮೆ ಹೆಬ್ಬೆರಳಿನಿಂದ ಸವರಿದರು. ಆಮೇಲೆ ನನ್ನತ್ತ ತಿರುಗಿ, "ಬಡಸು. ನಿಂದೂ ತಾಟು ತಗೋ" ಎಂದರು. ಉಂಡ ಸ್ವಲ್ಪ ಹೊತ್ತಿಗೆ ಕೂಸು ಒದೆಯಿತು.

ಯಜಮಾನರು ಡ್ಯೂಟಿಗೆ ಹೋದ ಮೇಲೆ ಅತ್ತೆ ಮೆಲ್ಲಗೆ ಹೇಳಿದರು: "ಇದು ನಂದಲ್ಲ. ನಾ ಹೊಳ್ಯಾಗ ಹೋಗೇನಿ. ನಿನ್ನ ಕೂಸಿನ ಸಲುವಾಗಿ ಉಂಡೆ. ಅವಗ ಹೇಳಬ್ಯಾಡ, ಸುಳ್ಳು ಹೇಳಾಕ ಭಾಳ ಕಷ್ಟಪಟ್ಟಾನ."

ಹೇಳಲಿಲ್ಲ. ಯಜಮಾನರೂ ತೀರಿಕೊಂಡ ಮೇಲೆ, ಈಗ ಬರೆಯುತ್ತಿದ್ದೇನೆ.

ಆಮೇಲೆ ಅತ್ತೆ ದಿನವೂ ಉಂಡರು, ಪೂಜೆಗೂ ಕೂತರು. ಆದರೆ ಎಲ್ಲದರಿಂದ ಬಿಡಿಸಿಕೊಂಡವರಂತಿದ್ದರು. ಟ್ರಂಕು ಖಾಲಿ ಮಾಡಿದರು. ಕನ್ನಡಿ ನೋಡುವುದನ್ನು ಬಿಟ್ಟರು. ಮಳೆ ಜೋರಾದರೆ ಬಾಗಿಲು ತೆರೆದು ನದಿಯ ಸದ್ದಿಗೆ ಕಿವಿಗೊಡುತ್ತಿದ್ದರು. ನಾನು ಬಾಗಿಲು ಹಾಕಿದರೆ, "ಇರಲಿ ಬಿಡು, ಕರ್ಯಾಕತ್ತೈತಿ" ಎನ್ನುವರು. ಮಗಳು ಹುಟ್ಟಿದಾಗ ಅವಳ ಕೊರಳಿಗೆ ತಮ್ಮ ಕೈಯಾರೆ ಲಿಂಗ ಕಟ್ಟಿ, ದಾರದ ಗಂಟನ್ನು ಮತ್ತೆ ಮತ್ತೆ ಎಳೆದು ನೋಡಿದರು. ಅತ್ತೆ ಆ ಚಳಿಗಾಲ ದಾಟಲಿಲ್ಲ.

ಸಾಂಬ್ರಾಣಿಯ ಹೊಲದಲ್ಲಿ, ಮಾವನವರ ಪಕ್ಕದ ಕುಣಿಯಲ್ಲಿ ಕೂಡಿಸಿದರು. ನಮ್ಮಲ್ಲಿ ಮಣ್ಣು ಕೊಡುವಾಗ ಎಡ ಅಂಗೈಗೆ ಲಿಂಗ ಇಡುವುದು ಪದ್ಧತಿ. ಅಯ್ಯನವರು ಹಳಿಯಾಳದ ಆ ಲಿಂಗವನ್ನು ಇಡುವಾಗ ಯಜಮಾನರು ನನ್ನ ಕಿವಿಯಲ್ಲಿ ಕೇಳಿದರು, "ಅವ್ವಗ ಗೊತ್ತಾಗಿತ್ತೇನ?"

"ಇಲ್ರಿ. ಏನೂ ಗೊತ್ತಿರಲಿಲ್ಲ."

ಅಷ್ಟರಲ್ಲಿ ಮಗಳು ಹಸಿದು ಚೀರಿದಳು. ಎಲ್ಲರೂ ಮಣ್ಣು ಹಾಕುತ್ತಿದ್ದರು. ನಾನು ಬದುವಿನ ಮೇಲೆ ಕೂತು ಅವಳಿಗೆ ಹಾಲು ಕುಡಿಸಿದೆ.